ಲೋಕಲ್ ಐಡಿ ನಡೆಯಲ್ಲ ಸಾರ್

ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಕೌಂಟರಿನ ಹುಡುಗಿ ಅದನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದಳು. ‘ಲೋಕಲ್ ಐಡಿ ನಡೆಯಲ್ಲ ಸಾರ್.’ ಬೆಂಗಳೂರಿನವರಿಗೆ ಬೆಂಗಳೂರಿನ ಹೋಟೆಲಿನಲ್ಲಿ ರೂಮು ಕೊಡುವುದಿಲ್ಲವಂತೆ. ಊರಲ್ಲೇ ಮನೆ ಇಟ್ಟುಕೊಂಡವನಿಗೆ ರೂಮು ಯಾತಕ್ಕೆ ಎಂಬ ಪ್ರಶ್ನೆ ಅವಳ ಮುಖದಲ್ಲಿತ್ತು. ಅದಕ್ಕೆ ಅವಳೇ ಕೊಟ್ಟುಕೊಂಡಿದ್ದ ಉತ್ತರವೂ ಅಲ್ಲೇ ಇತ್ತು. ಐವತ್ತಾರು ದಾಟಿದ, ಮೀಸೆ ನರೆತ, ಟೂಲ್ ಬ್ಯಾಗು ಹೊತ್ತ ನನ್ನ ಮೇಲೆ ಅಂಥ ಅನುಮಾನ ಬಂದದ್ದು ಅವಮಾನವೋ ಮರ್ಯಾದೆಯೋ ತಿಳಿಯದೆ ಪಾಸ್‌ಪೋರ್ಟ್ ತೆಗೆದೆ. ತೈವಾನ್, ಜಪಾನ್, ಥಾಯ್ಲೆಂಡ್‌ಗಳ ಮುದ್ರೆ ಬಿದ್ದ ಪಾಸ್‌ಪೋರ್ಟ್. ಆ ದೇಶಗಳು ತಕರಾರಿಲ್ಲದೆ ಒಳಗೆ ಬಿಟ್ಟಿದ್ದವು. ಅವಳು ನೇರ ಕೊನೆಯ ಪುಟಕ್ಕೆ ಹೋಗಿ ವಿಳಾಸ ಓದಿದಳು. ಬಾಗಲಗುಂಟೆ, ಬೆಂಗಳೂರು. ‘ಇದೂ ಲೋಕಲ್ಲೇ ಸಾರ್.’

ಕೊನೆಗೆ ಈತ ನಮ್ಮವನೇ, ಕೆಲಸಕ್ಕೇ ಬಂದಿದ್ದಾನೆ ಎಂಬರ್ಥದ ಪತ್ರ ಕಂಪನಿಯಿಂದ ಮೇಲ್‌ನಲ್ಲಿ ಬಂದ ಮೇಲೆ ರೂಮಿನ ಕಾರ್ಡ್ ಸಿಕ್ಕಿತು. 2022ರ ನವೆಂಬರ್. ವೈಟ್‌ಫೀಲ್ಡ್‌ನ ಐಟಿಪಿಎಲ್ ರಸ್ತೆ. ಮುಂದಿನ ನಲವತ್ತೆರಡು ದಿನ ನಾನು ನನ್ನ ಊರಿನಲ್ಲೇ ಪರಸ್ಥಳದವನು.

ನನ್ನ ಅನ್ನ ಪೀಣ್ಯದ್ದು. 1988ರಲ್ಲಿ ಸೆಕೆಂಡ್ ಸ್ಟೇಜಿನ ಒಂದು ಶೆಡ್ಡಿಗೆ ಹೆಲ್ಪರ್ ಆಗಿ ಸೇರಿ, ಲೇಥಿನಿಂದ ಸಿಎನ್‌ಸಿಗೆ ಬಂದು, ಸರ್ವಿಸ್ ಎಂಜಿನಿಯರ್ ಅನ್ನಿಸಿಕೊಂಡವನು. ಎಲ್ಲಿ ಹೊಸ ಮೆಷಿನ್ ಕೂರಿಸಬೇಕೋ ಅಲ್ಲಿ ನಾನೂ ಹೋಗಿ ಕೂರಬೇಕು. ಈ ಸಲ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಗೆ ಆರು ಮೆಷಿನ್. ಬಾಗಲಗುಂಟೆಯಿಂದ ಅಲ್ಲಿಗೆ ಸುಮಾರು ಮೂವತ್ತು ಕಿಲೋಮೀಟರ್. ದೂರಕ್ಕಾದರೆ ‘ಸುಮಾರು’ ಅನ್ನಬಹುದು, ಹೊತ್ತಿಗೆ ಅದೂ ಇಲ್ಲ. ಗೊರಗುಂಟೆಪಾಳ್ಯ, ಹೆಬ್ಬಾಳ, ಕೆ.ಆರ್. ಪುರದ ತೂಗುಸೇತುವೆ, ಈ ಮೂರನ್ನು ದಾಟುವಷ್ಟರಲ್ಲಿ ತೈವಾನಿನ ಬುಲೆಟ್ ರೈಲು ತೈಪೆಯಲ್ಲಿ ಹೊರಟು ದೇಶದ ಇನ್ನೊಂದು ತುದಿಯ ಕಾವ್‌ಷುಂಗ್ ಮುಟ್ಟಿರುತ್ತದೆ. ಹೋಗಿ ಬರುವ ಕಾರಿನ ಬಾಡಿಗೆಗಿಂತ ರೂಮಿನ ಬಾಡಿಗೆ ವಾಸಿ ಎಂದು ಅಕೌಂಟ್ಸ್ ಸೆಕ್ಷನ್ ಲೆಕ್ಕ ಹಾಕಿತು.

ನಮ್ಮ ಕಡೆ ಹೋಟೆಲ್ ಅಂದರೆ ತಿನ್ನುವ ಜಾಗ, ಮಲಗುವುದಕ್ಕೆ ಲಾಡ್ಜು. 2011ರಲ್ಲಿ ಮೊದಲ ಸಲ ತೈವಾನಿನ ತೈಚುಂಗ್‌ಗೆ ಹೋದಾಗ, ತಿಪಟೂರಿನಲ್ಲಿದ್ದ ಅವ್ವನಿಗೆ ಫೋನ್ ಮಾಡಿ ‘ಹೋಟ್ಲಲ್ಲಿದೀನಿ ಕಣವ್ವ’ ಅಂದೆ. ಮಾರನೇ ದಿನ ಕೇಳಿದರೂ ಹೋಟ್ಲಲ್ಲಿ, ವಾರ ಕಳೆದು ಕೇಳಿದರೂ ಹೋಟ್ಲಲ್ಲಿ. ‘ಅದೆಷ್ಟು ತಿಂತೀಯೋ, ಎದ್ದು ಕೆಲ್ಸಕ್ಕೋಗು’ ಅಂದಳು.

ತಿನ್ನುವುದಕ್ಕೇ ತತ್ವಾರವಾಗಿತ್ತು. ಮನೆಯಿಂದ ಪುಟ್ಟದೊಂದು ಕರೆಂಟ್ ಕುಕ್ಕರ್ ಒಯ್ದಿದ್ದೆ. ತೈವಾನಿನಲ್ಲಿ ಕರೆಂಟು 110 ವೋಲ್ಟು, ನಮ್ಮದು 230. ವೋಲ್ಟೇಜು ಅರ್ಧಕ್ಕಿಳಿದರೆ ಶಾಖ ಕಾಲುಭಾಗಕ್ಕಿಳಿಯುತ್ತದೆ ಎಂದು ಎಷ್ಟು ಹುಡುಗರಿಗೆ ಪಾಠ ಹೇಳಿದ್ದೇನೋ. ಅಕ್ಕಿ ಹಾಕಿ ಒಂದೂವರೆ ಗಂಟೆ ಕಾದ ಮೇಲೆ ಆ ಪಾಠ ನನಗೂ ಅರ್ಥವಾಯಿತು. ಮುಚ್ಚಳ ತೆಗೆದರೆ ಬೆಚ್ಚಗಿನ ನೆನೆಯಕ್ಕಿ. ಅದಕ್ಕೇ ಚಟ್ನಿಪುಡಿ ಕಲಸಿ ತಿಂದೆ. ನಂತರ ಕಾಪಾಡಿದ್ದು ಗೊಜ್ಜವಲಕ್ಕಿ. ರೂಮಿನ ಕೆಟಲ್‌ನಲ್ಲಿ ಕಾಯಿಸಿದ ನೀರು ಹೊಯ್ದು ಹತ್ತು ನಿಮಿಷ ಮುಚ್ಚಿಟ್ಟರೆ ಸಾಕು. ಗೊಜ್ಜವಲಕ್ಕಿಯನ್ನು ಕಂಡುಹಿಡಿದ ಪುಣ್ಯಾತ್ಗಿತ್ತಿಯ ಗಂಡ ನನ್ನ ಹಾಗೆಯೇ ಊರೂರು ಸುತ್ತುವವನಾಗಿರಬೇಕು.

ಒಂದು ಸಂಜೆ ಬೀದಿಯಲ್ಲಿ ಸ್ವಸ್ತಿಕದ ಬೋರ್ಡು ಕಂಡು, ದೇವಸ್ಥಾನವೆಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಊಟದ ಅಂಗಡಿ! ಬೌದ್ಧರ ಸಸ್ಯಾಹಾರದ ಅಂಗಡಿಗಳಿಗೆ ಅಲ್ಲಿ ಅದೇ ಗುರುತು. ಹಸಿದವನಿಗೆ ಎರಡೂ ಒಂದೇ, ಕೈ ಮುಗಿದೇ ಕೂತೆ. ಉಳಿದ ದಿನಗಳಲ್ಲಿ ಆ ಅಂಗಡಿಯ ಅಜ್ಜಿ ನನ್ನನ್ನು ಕಂಡ ಕೂಡಲೇ ತಾನೂ ಕೈ ಮುಗಿಯುತ್ತಿದ್ದಳು.

ಬೇರೆಯವರಿಗೆ ಹೇಗೋ, ನನಗೆ ತೈಚುಂಗ್ ಇನ್ನೊಂದು ಪೀಣ್ಯ. ಒಂದು ಗಲ್ಲಿಯಲ್ಲಿ ಕಾಸ್ಟಿಂಗ್, ಪಕ್ಕದಲ್ಲಿ ಗ್ರೈಂಡಿಂಗ್, ಅದರಾಚೆ ಸ್ಪಿಂಡಲ್ ಮಾಡುವವನು, ಎಲ್ಲರ ಬಟ್ಟೆಗೂ ಅದೇ ಕೂಲೆಂಟ್ ವಾಸನೆ. ಹೋಟೆಲಿನ ಲಿಫ್ಟಿನಲ್ಲಿ ಮೂರಾದ ಮೇಲೆ ಐದು. ಅವರ ಭಾಷೆಯಲ್ಲಿ ನಾಲ್ಕು ಅನ್ನುವ ಪದ ಸಾವು ಅನ್ನುವಂತೆ ಕೇಳುತ್ತದೆಂದು ನಾಲ್ಕನ್ನೇ ಕೈಬಿಟ್ಟಿದ್ದರು. ಐದನೆಯ ಮಹಡಿಯೆಂಬ ನಾಲ್ಕನೆಯದರಲ್ಲಿ ನಾನು ಐವತ್ನಾಲ್ಕು ರಾತ್ರಿ ಜೀವಸಹಿತ ಮಲಗಿದೆ. ಸಂಜೆ ಏಳಕ್ಕೆ ಕಸದ ಲಾರಿ ಬೀಥೋವನ್‌ನ ಪಿಯಾನೊ ರಾಗ ಹಾಕಿಕೊಂಡು ಬರುತ್ತಿತ್ತು. ಜನ ಚೀಲ ಹಿಡಿದು ಮನೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದರು. ಅಲ್ಲಿ ಏಳು ಅಂದರೆ ಇಲ್ಲಿ ನಾಲ್ಕೂವರೆ, ನನ್ನಾಕೆ ಕಾಫಿಗೆ ಹಾಲಿಡುವ ಹೊತ್ತು. ರಾಗ ಶುರುವಾದರೆ ನಾನು ಫೋನ್ ತಿರುಗಿಸಿದೆನೆಂದೇ ಲೆಕ್ಕ.

‘ಯಾರ ಮನೇಲ್ರೀ ಮದುವೆ? ದಿನಾ ವಾದ್ಯ ಕೇಳ್ಸುತ್ತೆ’ ಅಂದಳು ಒಮ್ಮೆ.

‘ಕಸದ ಗಾಡಿ ಕಣೆ.’

‘ಅಷ್ಟು ಚೆನ್ನಾಗಿ ಬಾರಿಸ್ತಾನಾ?’

ಅದಾದ ಮೇಲೆ ಬಾಗಲಗುಂಟೆಯ ನಮ್ಮ ಬೀದಿಗೆ ಕಸದ ಆಟೊ ಹಾಡು ಹಾಕಿಕೊಂಡು ಬಂದಾಗಲೆಲ್ಲ ಅವಳು ಒಳಗಿಂದ ಕೂಗುವುದು ಹೀಗೆ: ‘ರೀ, ನಿಮ್ಮ ತೈವಾನ್ ಬಂತು.’

ಒಂದು ಭಾನುವಾರ ಅಲ್ಲಿನ ಸೂಪರ್‌ವೈಸರ್ ನನ್ನನ್ನು ತನ್ನ ಕಾರಿನಲ್ಲಿ ಸೂರ್ಯಚಂದ್ರ ಸರೋವರಕ್ಕೆ ಕರೆದೊಯ್ದ. ಬೆಟ್ಟಗಳ ನಡುವೆ ಹಸಿರು ನೀರು. ದಡದ ಗುಡ್ಡದ ಮೇಲೊಂದು ದೇವಸ್ಥಾನ. ಒಳಗೆ ಬೆನ್ನಿಗೆ ದೊಡ್ಡ ಹೊರೆ ಕಟ್ಟಿಕೊಂಡ ಒಬ್ಬ ಭಿಕ್ಷುವಿನ ಚಿತ್ರ. ಎಲ್ಲೋ ನೋಡಿದ ಮುಖ. ನೋಡುತ್ತ ನೋಡುತ್ತ ತಿಪಟೂರಿನ ಮಿಡ್ಲ್ ಸ್ಕೂಲಿನ ಸಮಾಜ ಪುಸ್ತಕದ ಪುಟವೇ ಕಣ್ಣೆದುರು ತೆರೆಯಿತು. ‘ಹ್ಯೂಯೆನ್ ತ್ಸಾಂಗ್!’ ಎಂದು ಕೂಗಿಬಿಟ್ಟೆ. ಸೂಪರ್‌ವೈಸರ್‌ಗೆ ಅರ್ಥವಾಗಲಿಲ್ಲ. ಅವರ ಬಾಯಲ್ಲಿ ಅವನು ಷ್ವೆನ್‌ಜಾಂಗ್. ಅವನ ತಲೆಬುರುಡೆಯದೆನ್ನುವ ಒಂದು ಚೂರು ಅಲ್ಲಿದೆ. ಯುದ್ಧಕಾಲದಲ್ಲಿ ಚೀನಾದಿಂದ ಜಪಾನಿಗೆ ಹೋದದ್ದು 1955ರಲ್ಲಿ ತೈವಾನಿಗೆ ಬಂತಂತೆ. ಸತ್ತ ಮೇಲೂ ಪ್ರವಾಸ ತಪ್ಪಲಿಲ್ಲ. ‘ಇವರು ನಮ್ಮೂರಿಗೆ ಬಂದಿದ್ದರು, ನಮ್ಮ ರಾಜ ಪುಲಕೇಶಿಯ ವಿಷಯ ಬರೆದಿದ್ದಾರೆ’ ಎಂದು ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಕಣ್ಣರಳಿಸಿ, ‘ಪೀಣ್ಯಕ್ಕಾ?’ ಅಂದ.

ಅಂದಿನಿಂದ ಆ ಭಿಕ್ಷುವಿನ ಮೇಲೆ ನನಗೊಂದು ಸಹೋದ್ಯೋಗಿಯ ಅಕ್ಕರೆ. ಹದಿನಾರು ಹದಿನೇಳು ವರ್ಷ ಪರವೂರಿನ ಚಾಪೆಯ ಮೇಲೆ ಮಲಗಿ, 645ರಲ್ಲಿ ಚೀನಾಕ್ಕೆ ಮರಳುವಾಗ 657 ಗ್ರಂಥ ಹೊತ್ತೊಯ್ದವನು. ನನಗೆ ವಿಮಾನದಲ್ಲಿ 23 ಕಿಲೋ, ಅದರಲ್ಲಿ ನಾಲ್ಕು ಕಿಲೋ ಅವಲಕ್ಕಿ.

ಜಪಾನಿನ ರೂಮುಗಳ ವಿಷಯ ಹೆಚ್ಚು ಹೇಳುವಂತಿಲ್ಲ. ಸೂಟ್‌ಕೇಸ್ ತೆರೆಯಬೇಕಾದರೆ ನಾನು ಮಂಚ ಹತ್ತಬೇಕು, ಅಷ್ಟೇ ಜಾಗ.

ವೈಟ್‌ಫೀಲ್ಡ್‌ನ ರೂಮು ದೊಡ್ಡದಾಗಿಯೇ ಇತ್ತು. ಕಿಟಕಿಯಾಚೆ ಗಾಜಿನ ಕಟ್ಟಡ, ಅದರ ಬುಡದಲ್ಲಿ ಸಾಲು ನಿಂತ ನೀರಿನ ಟ್ಯಾಂಕರ್‌ಗಳು, ನಡುವೆ ಮರೆತು ಬಿಟ್ಟಂಥ ಒಂದು ತೆಂಗಿನಮರ. ತಿಪಟೂರಿನವನಾದ್ದರಿಂದ ನಾನು ಆ ಮರವನ್ನೇ ನೋಡುತ್ತಿದ್ದೆ. ಎರಡನೇ ವಾರಕ್ಕೆ ತಿಂಡಿಯ ಸರದಿ ಬಾಯಿಪಾಠವಾಯಿತು: ಪೊಂಗಲ್ ಬಂದರೆ ಸೋಮವಾರ, ಸೇಮಿಗೆ ಉಪ್ಪಿಟ್ಟು ಬಂದರೆ ಗುರುವಾರ. ಇಡ್ಲಿ ಮಾತ್ರ ನಿತ್ಯ, ಮುಚ್ಚಳದ ಪಾತ್ರೆಯಲ್ಲಿ ಬೆವರುತ್ತ ಕೂತಿರುತ್ತಿತ್ತು. ಮೂರನೇ ವಾರಕ್ಕೆ ರೂಮು ಗುಡಿಸುವ ಅಸ್ಸಾಮಿನ ಹುಡುಗ ನನ್ನ ಚಟ್ನಿಪುಡಿ ಡಬ್ಬಿಯನ್ನು ಟೀವಿಯ ಪಕ್ಕ ಶಾಂಪೂ ಬಾಟಲಿಗಳ ಜೊತೆ ಸಾಲಾಗಿ ಜೋಡಿಸಿಡತೊಡಗಿದ.

ಕೌಂಟರಿನ ಹುಡುಗಿಯ ‘ನಡೆಯಲ್ಲ ಸಾರ್’ ಬಿಟ್ಟರೆ ಆ ಹೋಟೆಲಿನಲ್ಲಿ ಕನ್ನಡ ಆಡುತ್ತಿದ್ದವರು ಇಬ್ಬರು, ನಾನು ಮತ್ತು ಗೇಟಿನ ಸೆಕ್ಯುರಿಟಿ. ಯಾದಗಿರಿ ಕಡೆಯವನು. ‘ನೀವು ಎಷ್ಟ್ ದಿನಾ ಇರ್ತೀರಿ ಸರ?’ ಎಂದು ಮೊದಲ ದಿನವೇ ಕೇಳಿದ. ನಲವತ್ತೆರಡು ಅಂದೆ. ‘ನಂದೂ ಲಾಂಗ್ ಸ್ಟೇನೇ ಅದರಿ. ಏಳು ವರ್ಷ ಆತು.’

ಭಾನುವಾರ ಮನೆಗೆ ಹೋಗಬಹುದಿತ್ತು, ಎರಡು ಸಲ ಹೋದೆ. ನೆಂಟರಿಗೆ ತೆಗೆಯುವ ಲೋಟದಲ್ಲಿ ಕಾಫಿ ಬಂತು. ಒಂದು ರಾತ್ರಿ ಕಾರ್ಖಾನೆಯಿಂದ ಫೋನಿನಲ್ಲಿ ‘ಈಗ ಗಲಾಟೆ, ಮನೆಗೆ ಹೋಗಿ ಮಾಡ್ತೀನಿ’ ಎಂದುಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ‘ಯಾವ ಮನೆಗೆ?’ ಅಂದಳು.

ತಿಂಡಿಯ ಹೊತ್ತಿಗೆ ಎದುರು ಮೇಜಿನಲ್ಲಿ ದಿನವೂ ಒಬ್ಬ ಜಪಾನಿ ಕೂರುತ್ತಿದ್ದ. ನನ್ನದೇ ವಯಸ್ಸು, ನನ್ನದೇ ಥರ ಮೆಷಿನ್ ಕೆಲಸದವನು. ಉದ್ದಿನವಡೆಯನ್ನು ಚಾಕುವಿನಿಂದ ಸಮನಾಗಿ ಎಂಟು ಭಾಗ ಮಾಡುತ್ತಿದ್ದ; ಆ ಕೊಯ್ತ ನೋಡಿಯೇ ಟೂಲ್‌ರೂಮಿನವನೆಂದು ಗುರುತು ಹಿಡಿದಿದ್ದೆ. ಪರಿಚಯವಾಯಿತು. ‘ಈ ಊರಲ್ಲಿ ನೋಡುವಂಥ ಹಳೆಯದು ಏನಿದೆ?’ ಎಂದು ಕೇಳಿದ. ಸೂರ್ಯಚಂದ್ರ ಸರೋವರದ ಋಣ ತಲೆಯ ಮೇಲಿತ್ತು. ಆದರೆ ಬಾಯಿ ಕಟ್ಟಿತು. ಪೀಣ್ಯಕ್ಕೆ ಮೆಷಿನ್ ಟ್ರಯಲ್ ನೋಡಲು ಬರುವ ಪಾರ್ಟಿಗಳಿಗೆ ಮೂವತ್ತು ವರ್ಷ ವಿಧಾನಸೌಧ, ಲಾಲ್‌ಬಾಗ್, ಇಸ್ಕಾನ್ ತೋರಿಸಿದವನು ನಾನು. ಕಾರಿನಿಂದ ಇಳಿಯದೆ.

ಹತ್ತಿರದ್ದರಿಂದ ಶುರು ಮಾಡಿದೆವು. ಸೆಕ್ಯುರಿಟಿ ದಾರಿ ಹೇಳಿದ. ಟೆಕ್ ಪಾರ್ಕಿನ ಗದ್ದಲ ದಾಟಿ ಒಳಗೆ ಹೊಕ್ಕರೆ ಇನ್ನರ್ ಸರ್ಕಲ್ ಎಂಬ ದುಂಡನೆಯ ರಸ್ತೆ, ದೊಡ್ಡ ಮರಗಳು, ಉಳಿದಿರುವ ಒಂದೆರಡು ಹಳೆಯ ಹೆಂಚಿನ ಮನೆಗಳು. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಬೇಸಾಯದ ಊರಿಗಾಗಿ 3,900 ಎಕರೆ ಕೊಟ್ಟರು. ಅವರ ಮುಂದಾಳು ವೈಟ್ ಎಂಬಾತನ ಹೆಸರು ಊರಿಗೆ ಬಂತು. ವೈಟ್‌ಫೀಲ್ಡ್ ಅಂದರೆ ಬಿಳಿಯ ಹೊಲ ಎಂದು ಇಷ್ಟು ವರ್ಷ ನಂಬಿದ್ದೆ, ಹತ್ತಿ ಬೆಳೆಯುತ್ತಿದ್ದರೇನೋ ಎಂದು! 1886ರ ಮೆಮೋರಿಯಲ್ ಚರ್ಚ್ ಇನ್ನೂ ಇದೆ. ವೇವರ್ಲಿ ಇನ್ ಎಂಬ ವಸತಿಗೃಹವೂ ಇತ್ತು. ಬೆಂಗಳೂರಿನ ದಂಡಿನಲ್ಲಿದ್ದ ತರುಣ ಚರ್ಚಿಲ್ ಅದರ ಮಾಲೀಕನ ಮಗಳನ್ನು ನೋಡಲು ಕುದುರೆ ಏರಿ ಬರುತ್ತಿದ್ದ ಎಂಬುದು ಊರಿನವರ ಕಥೆ, ದಾಖಲೆಯಿಲ್ಲ. ದಾಖಲೆ ಇರುವುದು ಬೇರೆಯದಕ್ಕೆ: ಬೆಂಗಳೂರು ಕ್ಲಬ್ಬಿನ 1899ರ ಲೆಡ್ಜರಿನಲ್ಲಿ ಚರ್ಚಿಲ್ 13 ರೂಪಾಯಿ ಬಾಕಿದಾರ. ಎರಡು ಅಂಗಿಯ ಇಸ್ತ್ರಿ ಬಿಲ್ಲಿಗೆ ಮೂರು ಮೇಲ್ ಬರೆಸುವ ನಮ್ಮ ಅಕೌಂಟ್ಸ್ ಸೆಕ್ಷನ್ ಆಗ ಇದ್ದಿದ್ದರೆ ಅವನು ಪ್ರಧಾನಿಯಾಗುತ್ತಿರಲಿಲ್ಲ.

ಜಪಾನಿಗೆ ಇದು ಹಳೆಯದು ಅನ್ನಿಸಲಿಲ್ಲ. ಮುಂದಿನ ಭಾನುವಾರ ಕಾರು ಮಾಡಿಕೊಂಡು ಬೇಗೂರಿಗೆ ಹೋದೆವು, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಿಂದ ಒಳಕ್ಕೆ. ನಾಗೇಶ್ವರ ದೇವಸ್ಥಾನದಲ್ಲಿ ಒಂದು ಕಲ್ಲು. ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿನದು. ಬೆಂಗಳೂರಿನ ಕಾಳಗದಲ್ಲಿ ಸತ್ತ ಒಬ್ಬನ ಹೆಸರು ಅದರಲ್ಲಿದೆ. ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟದ್ದರಿಂದ ಬೆಂದಕಾಳೂರು ಎಂದು ಮಕ್ಕಳಿಗೆ ಹೇಳುತ್ತ ಬಂದೆವಲ್ಲ, ಆ ಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲೇ ಊರಿಗೆ ಹೆಸರಿತ್ತು. ಕಾಳು ಆಮೇಲೆ ಬೆಂದಿರಬೇಕು.

‘ಓದಿ ಹೇಳಿ’ ಅಂದ ಜಪಾನಿ.

ಕನ್ನಡಕ ಏರಿಸಿದೆ, ಇಳಿಸಿದೆ. ಒಂದಕ್ಷರ ಹಿಡಿಯಲಿಲ್ಲ. ‘ನಿಮ್ಮ ಭಾಷೆಯೇ ಅಲ್ಲವೇ?’ ‘ನನ್ನದೇ.’ ‘ಮತ್ತೆ?’ ‘ಒಂಬತ್ತನೇ ಶತಮಾನದ ಜಪಾನಿ ನೀವು ಓದುತ್ತೀರಾ?’ ಅವನು ನಕ್ಕುಬಿಟ್ಟ. ಇಬ್ಬರು ನಿರಕ್ಷರಿಗಳು ಕಲ್ಲಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವು. ಯಾರ ಮೇಲೆ ಯಾರ ಕಾಳಗ ಎಂದು ಕೇಳಿದ್ದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ವಾಪಸು ಬರುವಾಗ ಸಿಲ್ಕ್ ಬೋರ್ಡಿನಲ್ಲಿ ನಲವತ್ತು ನಿಮಿಷ ನಿಂತೆವು. ಎಲ್ಲ ಕಡೆಯಿಂದ ಹಾರ್ನು. ಅವನು ನನ್ನ ಭುಜ ತಟ್ಟಿ, ಹೊಸದಾಗಿ ಕಲಿತ ಎರಡೇ ಕನ್ನಡ ಪದವನ್ನು ಬಿಡಿಸಿ ಬಿಡಿಸಿ ಹೇಳಿದ: ‘ಬೆಂಗಳೂರು ಕಾಳಗ.’

ಕೆಲಸ ಮುಗಿಸಿ ಮನೆಗೆ ಬಂದ ಮೊದಲ ದಿನ ಬಾಗಿಲ ಪಕ್ಕದ ಗೋಡೆಯಲ್ಲಿ ಕಾರ್ಡ್ ಸಿಕ್ಕಿಸುವ ಸಂದಿಗಾಗಿ ತಡಕಿದೆ. ಸ್ನಾನ ಮಾಡಿ ಒದ್ದೆ ಟವಲ್ ಬಚ್ಚಲ ನೆಲಕ್ಕೆ ಹಾಕಿದೆ; ಹೋಟೆಲಿನಲ್ಲಿ ಹಾಗೆ ಹಾಕಿದರೆ ಒಗೆಯುವುದಕ್ಕೆ ಎಂದು ಅರ್ಥ. ಮನೆಯಲ್ಲಿ ಅದರ ಅರ್ಥ ಬೇರೆಯೆಂದು ಎರಡೇ ನಿಮಿಷದಲ್ಲಿ ತಿಳಿಯಿತು.

2023ರ ಅಕ್ಟೋಬರಿನಲ್ಲಿ ಮೆಟ್ರೊ ವೈಟ್‌ಫೀಲ್ಡ್‌ವರೆಗೆ ತಡೆಯಿಲ್ಲದೆ ಓಡತೊಡಗಿತು. ‘ನೀವಿದ್ದ ಜಾಗ ತೋರಿಸಿ’ ಎಂದು ನನ್ನಾಕೆ ಹಟ ಹಿಡಿದಳು. ತೈವಾನ್ ತೋರಿಸಲಾರೆ, ಇದಾದರೂ ಆಗಲಿ ಎಂದು ಒಂದು ಭಾನುವಾರ ದಾಸರಹಳ್ಳಿಯಲ್ಲಿ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಹೋದೆವು. ಗೇಟಿನಲ್ಲಿ ಬೇರೆ ಹುಡುಗನಿದ್ದ. ಯಾದಗಿರಿಯವನ ಲಾಂಗ್ ಸ್ಟೇ ಮುಗಿದಿತ್ತು. ರಸ್ತೆಯ ಈಚೆ ನಿಂತು ಅವಳು ಕತ್ತೆತ್ತಿ ನೋಡಿದಳು.

‘ಯಾವ ಕಿಟಕಿ?’

ಎಡದಿಂದ ಎಣಿಸಿದೆ, ಬಲದಿಂದ ಎಣಿಸಿದೆ. ಎಲ್ಲ ಒಂದೇ ಥರ. ತೆಂಗಿನಮರವಿದ್ದರೆ ಅದರ ನೇರಕ್ಕೆ ಹಿಡಿಯಬಹುದಿತ್ತು, ಮರವೂ ಕಾಣಲಿಲ್ಲ.

‘ತೈವಾನಿಂದ ದಿನಾ ಫೋನ್ ಮಾಡ್ತಿದ್ರಿ’ ಅಂದಳು. ‘ಇಲ್ಲಿಂದ ವಾರಕ್ಕೆರಡು ಸಲ. ಇಲ್ಲೇ ಇದೀನಲ್ಲ ಅಂತ. ತೈವಾನೇ ಹತ್ರ ಇತ್ತು ಬಿಡಿ.’

ನಾನು ಇನ್ನೂ ಕಿಟಕಿ ಎಣಿಸುತ್ತಿರುವವನಂತೆ ನಿಂತೆ.

‘ದಿನಕ್ಕೆ ಎಷ್ಟು ತಗೊಳ್ತಿದ್ರು?’

‘ಮೂರು ಸಾವಿರದ ಇನ್ನೂರು. ಕಂಪನಿಯದು.’

‘ತಿಂಡಿ ಸೇರಿಸೀನಾ?’

‘ಸೇರಿಸಿ. ಕಾಫಿ ಎಷ್ಟು ಬೇಕಾದ್ರೂ ಕುಡೀಬಹುದಿತ್ತು.’

‘ಚೆನ್ನಾಗಿರ್ತಿತ್ತಾ?’

‘ಇಲ್ಲ.’

ಅವಳ ಮುಖ ಸ್ವಲ್ಪ ಸಡಿಲವಾಯಿತು. ಸೆರಗು ಸರಿಮಾಡಿಕೊಂಡು, ‘ಸರಿ ನಡೀರಿ, ಅದ್ಯಾವುದೋ ಚರ್ಚು ಅಂದ್ರಲ್ಲ, ಅದನ್ನ ತೋರಿಸಿ’ ಅಂದಳು.