ಕೈ ಹೋಗುವಷ್ಟು ಜಾಗ

ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿದರೆ ಒಳಗೆ ಒಬ್ಬ ಆಳು ಕೂತು ಬುತ್ತಿ ಬಿಚ್ಚಿ ಉಣ್ಣಬಹುದು ಎಂದು ನಮ್ಮ ಕಡೆ ಚಾಷ್ಟಿ ಮಾಡುತ್ತಾರೆ. ಅಷ್ಟು ಜಾಗ. ಅದೇ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ನೋಡಿ. ಸ್ಟೇರಿಂಗ್ ಕಂಬ, ಅದಕ್ಕೆ ಅಂಟಿಕೊಂಡೇ ಇಳಿಯುವ ಗೇರಿನ ಸರಳು, ಸ್ಪೀಡೋಮೀಟರಿನ ದಪ್ಪ ಕೇಬಲ್, ಚೋಕಿನ ತಂತಿ. ಇವೆಲ್ಲದರ ಹಿಂದೆ, ದನ ಕಟ್ಟುವ ಹಗ್ಗದಷ್ಟು ದಪ್ಪನೆಯ ವೈರುಗಳ ಕಟ್ಟು. ಕಣ್ಣು ಹೋದಲ್ಲಿ ಕೈ ಹೋಗುವುದಿಲ್ಲ, ಕೈ ಹೋದಲ್ಲಿ ಕಣ್ಣು ಹೋಗುವುದಿಲ್ಲ.

ನನ್ನ ಸೋದರಮಾವ ರಾಣೆಬೆನ್ನೂರಿನ ಪಿ.ಬಿ. ರಸ್ತೆಯ ಬದಿಯ ಒಂದು ತಗಡಿನ ಶೆಡ್ಡಿನಲ್ಲಿ ನಾಲ್ವತ್ತು ವರ್ಷ ಗಾಡಿಗಳ ವೈರಿಂಗ್ ಕೆಲಸ ಮಾಡಿದವನು. ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋದರೆ ಅವನಿಗೆ ಸಿಗುತ್ತಿದ್ದದ್ದು ಸೊಸೆಯಲ್ಲ, ಒಂದು ಸಣ್ಣ ಕೈ. "ಯವ್ವಾ, ಕೈ ಕೊಡು" ಎನ್ನುವನು. ನಾನು ಸೀಟಿನ ಮೇಲೆ ಕಾಲು ಹಾಕಿ, ತಲೆ ಕೆಳಗೆ ಮಾಡಿ, ಅವನು ಹೇಳಿದ ಕಡೆ ಬೆರಳು ತೂರಿಸಿ ಉದುರಿದ ಸ್ಕ್ರೂ ಹೆಕ್ಕಿ ತರುತ್ತಿದ್ದೆ. ಕೂಲಿ ಎಂದರೆ ಒಂದು ಪ್ಲೇಟು ಗಿರ್ಮಿಟ್, ಎರಡು ಮಿರ್ಚಿ.

ಬಣ್ಣಗಳ ಪಾಠ ಆಗಿದ್ದು ಅಲ್ಲೇ. ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ಚಾವಿ ತೆಗೆದರೂ ಅದರಲ್ಲಿ ಕರೆಂಟ್ ಇರುತ್ತದೆ; ಮಾವ ಅದನ್ನು ಮಲಗದ ನಾಯಿ ಎನ್ನುತ್ತಿದ್ದ. ಬಿಳಿ, ಚಾವಿ ತಿರುಗಿಸಿದ ಮೇಲೆ ಎಚ್ಚರಾಗುವುದು. ಹಸಿರು, ಫ್ಯೂಸ್ ದಾಟಿ ಬಂದದ್ದು. ಕೆಂಪು ಪಾರ್ಕಿಂಗ್ ದೀಪಕ್ಕೆ, ನೀಲಿ ಹೆಡ್‌ಲೈಟಿಗೆ, ಕರಿ ಅರ್ಥ್. ಇದು ಇಂಗ್ಲೆಂಡಿನ ಲೂಕಸ್ ಕಂಪನಿಯ ಕಾಲದ ಪದ್ಧತಿ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಅಲ್ಲವೇ. ಮೈಕಟ್ಟಿನ ಜೊತೆ ನರಗಳ ಬಣ್ಣವೂ ಸಮುದ್ರ ದಾಟಿ ಕೋಲ್ಕತ್ತದ ಹತ್ತಿರದ ಉತ್ತರಪಾರಾಕ್ಕೆ ಬಂದು, ಅಲ್ಲಿಂದ ನಮ್ಮ ಶೆಡ್ಡಿಗೂ ಬಂದಿತ್ತು. ಲೂಕಸ್ ದೀಪಗಳು ಕೈಕೊಡುತ್ತವೆಂದು ಇಂಗ್ಲಿಷರು ಆ ಕಂಪನಿಗೆ 'ಕತ್ತಲೆಯ ರಾಜಕುಮಾರ' ಎಂದು ಹೆಸರಿಟ್ಟು ನಗುತ್ತಿದ್ದರಂತೆ. ಇದು ಅನ್ಯಾಯದ ಮಾತು ಅಂತ ನನ್ನ ಅಭಿಪ್ರಾಯ. ನಾನು ಕಂಡ ದೋಷಗಳಲ್ಲಿ ಹೆಚ್ಚಿನವು ಸಡಿಲಾದ ಸ್ಕ್ರೂ, ತುಕ್ಕು ಹಿಡಿದ ಅರ್ಥ್, ಇಲ್ಲವೇ ನಡುವೆ ಯಾರೋ ಸಿಕ್ಕ ಬಣ್ಣದ ವೈರು ಸೇರಿಸಿ ಟೇಪು ಸುತ್ತಿ ಹೋದದ್ದು.

ಉತ್ತರಪಾರಾ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಸುವುದನ್ನು ನಿಲ್ಲಿಸಿತು. ಹೆಸರನ್ನು 2017ರಲ್ಲಿ ಫ್ರಾನ್ಸಿನ ಪೆಜೋ ಕಂಪನಿ ಎಂಬತ್ತು ಕೋಟಿ ರೂಪಾಯಿಗೆ ಕೊಂಡಿತು. ಗಾಡಿಗಳು ಮಾತ್ರ ಅಷ್ಟು ಬೇಗ ನಿಲ್ಲಲಿಲ್ಲ. ನಮ್ಮೂರಿನ ಒಬ್ಬ ಕಾಕಾನದೂ ಹಾಗೆಯೇ. ಎಪ್ಪತ್ತು ದಾಟಿದವರು, ಮದುಮಕ್ಕಳನ್ನೂ ಬಾಣಂತಿಯರನ್ನೂ ದಾವಣಗೆರೆ, ಹುಬ್ಬಳ್ಳಿ ದವಾಖಾನೆಯ ರೋಗಿಗಳನ್ನೂ ಹೊತ್ತ ಕಾರು ಅವರದು. ಈಗ ಬಾಡಿಗೆ ಕಡಿಮೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾತ್ರ ಗೊತ್ತಿರುವ ರೈತರನ್ನು ಬ್ಯಾಡಗಿ ಮಾರುಕಟ್ಟೆಗೆ ಕರೆದೊಯ್ಯುತ್ತಾರೆ.

ಹೋದ ಸುಗ್ಗಿಯಲ್ಲಿ ಅವರು ಶೆಡ್ಡಿಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಬ್ಯಾಡಗಿಯಿಂದ ರಾತ್ರಿ ಮರಳುವಾಗ, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹತ್ತಿ ಸ್ವಲ್ಪ ದೂರ ಬಂದ ಮೇಲೆ ಎರಡೂ ಹೆಡ್‌ಲೈಟು ಒಮ್ಮೆಲೇ ಆರಿದವಂತೆ. ಹಿಂದೆ ಲಾರಿ, ಕಾರಿನಲ್ಲಿ ನಾಲ್ವರು. ಹೇಗೋ ಬದಿಗೆ ಎಳೆದು ನಿಲ್ಲಿಸಿದರು. ಹತ್ತು ನಿಮಿಷ ಬಿಟ್ಟು ಹಾಕಿದರೆ ದೀಪ ತಾನೇ ಹತ್ತಿತು. ಮಗ ಗುಜರಿಯವನಿಗೆ ಮಾತು ಕೊಟ್ಟುಬಿಟ್ಟಿದ್ದ.

"ಮೇಸ್ತ್ರಿ, ನೀವು ಆಗೂದಿಲ್ಲ ಅಂದ್ರ ನಾಳಿಗೆ ಕೊಟ್ಟಬಿಡತೇನಿ" ಎಂದರು ಕಾಕಾ.

ಮಾವ ಮೊದಲು ಕೈಗೆ ಸಿಗುವುದನ್ನು ನೋಡಿದ. ಪಾರ್ಕಿಂಗ್ ದೀಪ ಆರಿರಲಿಲ್ಲ ಎಂದರೆ ಸ್ವಿಚ್ಚಿನ ತನಕ ಕರೆಂಟ್ ಬರುತ್ತಿದೆ. ಡಿಮ್ಮಿನಲ್ಲೂ ಬ್ರೈಟಿನಲ್ಲೂ ಎರಡೂ ಹೋಗಿದ್ದವು ಎಂದರೆ ಬಲ್ಬಿನ ದೋಷವಲ್ಲ. ಉಳಿದದ್ದು ಸ್ವಿಚ್ಚು, ಕಾಲಿನಲ್ಲಿ ಒತ್ತುವ ಡಿಪ್ಪರು, ನಡುವಿನ ನೀಲಿ ವೈರು. ಡಿಪ್ಪರಿಗೆ ಬ್ಯಾಟರಿಯಿಂದ ನೇರ ವೈರು ಕೊಟ್ಟು ಅರ್ಧ ಗಂಟೆ ಬಿಟ್ಟ. ದೀಪ ಅಲುಗಲಿಲ್ಲ. ದೋಷ ಅದಕ್ಕಿಂತ ಹಿಂದೆ, ಡ್ಯಾಶ್‌ಬೋರ್ಡಿನ ಕತ್ತಲೆಯಲ್ಲಿತ್ತು.

ಇಲ್ಲಿಗೆ ಮಾವ ನಿಂತ. ಸಕ್ಕರೆ ಕಾಯಿಲೆಯಿಂದ ಅವನ ಬೆರಳ ತುದಿಗಳಿಗೆ ಸ್ಪರ್ಶ ತಿಳಿಯುವುದಿಲ್ಲ. ಸ್ಕ್ರೂ ಬಿಗಿಯಾಯಿತೋ ಇಲ್ಲವೋ, ವೈರು ಬಿಸಿಯೋ ತಣ್ಣಗೋ, ಅವನಿಗೆ ಗೊತ್ತಾಗದು. ಕಣ್ಣಿಲ್ಲದ ಜಾಗದಲ್ಲಿ ಕೆಲಸ ಮಾಡುವವನಿಗೆ ಬೆರಳೂ ಇಲ್ಲದಿದ್ದರೆ ಏನು ಉಳಿಯಿತು? ಶಿವರಾತ್ರಿಗೆಂದು ಧಾರವಾಡದಿಂದ ಬಂದಿದ್ದ ನನ್ನ ಕಡೆ ನೋಡಿದ. ಕೈ ಕೊಡು ಎನ್ನಲಿಲ್ಲ. "ಬಂಗಾರದ ಬಳಿ ತಗದಿಡು" ಎಂದ, ಅಷ್ಟೇ. ಈ ಗಾಡಿಗಳಲ್ಲಿ ಹೆಡ್‌ಲೈಟಿನ ದಾರಿಗೆ ಫ್ಯೂಸೇ ಇಲ್ಲ. ಕಂದು ವೈರಿಗೂ ತಗಡಿಗೂ ನಡುವೆ ಬಳೆ ಸಿಕ್ಕಿದರೆ ಬಳೆಯೂ ಹೋಯಿತು, ಕೈಯೂ ಹೋಯಿತು. ಬ್ಯಾಟರಿಯ ತುದಿಯನ್ನೂ ಕಳಚಿಟ್ಟ.

ನಾನು ಅಂಗಾತ ಮಲಗಿದೆ. ಈಗ ಕೈಯೇನೂ ಸಣ್ಣದಲ್ಲ. ಸರಳಿನ ಸಂದಿಯಲ್ಲಿ ಮುಂಗೈ ಉಜ್ಜಿ ಸಿಪ್ಪೆ ಎದ್ದಿತು. ಮೊದಲು ಬೆರಳಿಗೆ ಸಿಕ್ಕದ್ದು ಒಣಗಿದ ಮೆಣಸಿನಕಾಯಿ ತೊಟ್ಟು, ಬೀಜ. ಆ ಬೆರಳಲ್ಲಿ ಕಣ್ಣು ಒರೆಸಿಕೊಂಡು ಕಾಲು ಗಂಟೆ ಅತ್ತದ್ದು ಬೇರೆ ಕಥೆ. ಆಮೇಲೆ ಸ್ವಿಚ್ಚಿನ ಬೆನ್ನು. ಒಂದು ವೈರು ಮಾತ್ರ ಹುರಿದ ಸಂಡಿಗೆಯ ಹಾಗೆ ಗರಿಗರಿ. ಮುಟ್ಟಿದರೆ ಹೊದಿಕೆ ಉದುರಿತು.

"ಮಾಮಾ, ಸಿಕ್ತ್ರಿ. ಸ್ಕ್ರೂ ಸಡ್ಲ ಐತಿ, ವೈರಿನಾಗ ಐದಾರು ಎಳಿ ಅಷ್ಟ ಉಳದಾವ್ರಿ."

ಐದಾರು ಎಳೆಯಲ್ಲಿ ಟೆಸ್ಟ್ ಬಲ್ಬು ಚೆನ್ನಾಗಿಯೇ ಉರಿಯುತ್ತದೆ, ಅದಕ್ಕೆ ಬೇಕಾದದ್ದು ಅರ್ಧ ಆಂಪಿಯರ್ ಕೂಡ ಅಲ್ಲ. ಎರಡು ಹೆಡ್‌ಲೈಟು ಎಳೆಯುವುದು ಎಂಟು ಹತ್ತು ಆಂಪಿಯರ್. ಸಡಿಲಾದ ಜಾಗ ಕಾಯುತ್ತದೆ, ಕಾದಷ್ಟೂ ಕಿಲುಬು ಹಿಡಿಯುತ್ತದೆ, ಮತ್ತಷ್ಟು ಕಾಯುತ್ತದೆ; ಕೊನೆಗೊಮ್ಮೆ ಬಿಟ್ಟುಕೊಳ್ಳುತ್ತದೆ. ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಕಾಕಾನ ಹತ್ತು ನಿಮಿಷದ ಲೆಕ್ಕ ಅದು. ಹಗಲು ಶೆಡ್ಡಿಗೆ ತಂದಾಗ ಎಲ್ಲವೂ ಸರಿ ಕಾಣುವುದೂ ಅದಕ್ಕೇ.

ಹೊಸ ವೈರು, ತುದಿಗೆ ಬೆಸುಗೆ ಹಾಕಿದ ಲಗ್. ಸ್ಕ್ರೂ ತಿರುಗಿಸುವಾಗ ಮಾವ ನನ್ನ ಮೊಣಕೈ ಕೆಳಗೆ ಮೆತ್ತಗೆ ಹಿಡಿದುಕೊಂಡ. ಬೆರಳಿಗೆ ತಿಳಿಯದ್ದು ಅಂಗೈಗೆ ಸ್ವಲ್ಪ ತಿಳಿಯುತ್ತಿತ್ತೇನೋ. ನನ್ನ ತೋಳಿನ ನರ ಬಿಗಿಯುವುದನ್ನು ಕೇಳಿಸಿಕೊಳ್ಳುವವನ ಹಾಗೆ ಕಣ್ಣು ಮುಚ್ಚಿದ್ದ. "ಇನ್ನೊಂದ್ ಕಾಲ ಸುತ್ತು" ಎಂದ. ತಿರುಗಿಸಿದೆ. "ಸಾಕು, ಇನ್ನ ಹೊಳ್ಳಿಸಿದ್ರ ಹಲ್ಲು ಹೋಗತೈತಿ." ಅವನು ಹೇಳಿದ್ದು ಸರಿ, ನನ್ನ ಬೆರಳಿಗೂ ಅದೇ ಅನಿಸಿತ್ತು.

ಅಷ್ಟಕ್ಕೆ ಬಿಡಲಿಲ್ಲ. ಬಾನೆಟ್ಟಿನ ಕೆಳಗೆ, ಬಯಲು ಜಾಗದಲ್ಲಿ, ಎರಡು ರಿಲೇ ಕೂರಿಸಿದ. ಎಡ ದೀಪಕ್ಕೊಂದು, ಬಲ ದೀಪಕ್ಕೊಂದು ಬೇರೆ ಬೇರೆ ಫ್ಯೂಸು. ಇನ್ನು ಭಾರದ ಕರೆಂಟು ಆ ಹಳೆಯ ಸ್ವಿಚ್ಚಿನಲ್ಲಿ ಹರಿಯುವುದಿಲ್ಲ, ಒಂದು ಫ್ಯೂಸು ಸುಟ್ಟರೂ ಇನ್ನೊಂದು ಕಣ್ಣು ಉಳಿಯುತ್ತದೆ. ಹಳೆಯ ಗಾಡಿಗೆ ಇಲ್ಲದ್ದನ್ನು ಸೇರಿಸಬಾರದು ಎನ್ನುವ ಶೋಕಿಯವರಿದ್ದಾರೆ. ಅವರು ರಾತ್ರಿ ಹೆದ್ದಾರಿಯಲ್ಲಿ ನಾಲ್ವರು ರೈತರನ್ನು ಕೂರಿಸಿಕೊಂಡು ಬರುವವರಲ್ಲ. ಆದರೂ ಆ ಕತ್ತಲೆಗೆ ಇನ್ನು ಯಾರೂ ಕೈ ಹಾಕಬೇಕಿಲ್ಲ ಎಂದು ಮಾವ ಹೇಳಿದಾಗ ನನಗೆ ಸ್ವಲ್ಪ ಪಿಚ್ಚೆನಿಸಿತು.

ಸರಿಯಾದ ಬಣ್ಣದ ವೈರು ಅಂಗಡಿಯಲ್ಲಿ ಸಿಕ್ಕಿರಲಿಲ್ಲ, ಹಳದಿ ಹಾಕಿದ್ದೆವು. ಮುಂದೆ ಬಿಚ್ಚುವವನಿಗೆ ತಿಳಿಯಲೆಂದು ಮಾವ ಬಿಳಿ ಟೇಪಿನ ಮೇಲೆ ನಡುಗುವ ಅಕ್ಷರದಲ್ಲಿ 'ಹೆಡ್‌ಲೈಟ್' ಎಂದು ಬರೆದು ಸುತ್ತಿದ.

ಸಂಜೆ ಕತ್ತಲಾಗುವ ತನಕ ಕಾದು ದೀಪ ಹಾಕಿದೆವು. ಎದುರಿನ ಗೋಡೆಯ ಮೇಲೆ ಎರಡು ದುಂಡನೆಯ ಬೆಳಕು. ಮುಕ್ಕಾಲು ಗಂಟೆ ಹಾಗೇ ಇದ್ದವು. ಕಾಕಾ ಮಗನಿಗೆ ಫೋನ್ ಮಾಡಿ ಗುಜರಿಯವನಿಗೆ ಬರಬೇಡ ಅಂತ ಹೇಳು ಎಂದರು. ಆ ಕಡೆಯಿಂದ ಏನು ಉತ್ತರ ಬಂತೋ, ಸುಮ್ಮನೆ ಫೋನು ಜೇಬಿಗಿಟ್ಟರು. ಆಮೇಲೆ ಸೀಟಿನಲ್ಲಿ ಕೂತು, ಸ್ಪೀಡೋಮೀಟರಿನ ಕಡೆ ಬೆರಳು ತೋರಿಸಿದರು.

"ಮೇಸ್ತ್ರಿ, ಇದರ ಒಳಗಿನ ದೀಪಾನೂ ಹತ್ತೂದಿಲ್ಲ. ಎರಡ ವರ್ಷ ಆತು."

ಮಾವ ಪಕ್ಕಡು, ಸ್ಕ್ರೂಡ್ರೈವರು ಡಬ್ಬಿಗೆ ಹಾಕುತ್ತಿದ್ದ. "ಅದು ಇನ್ನೂ ಮ್ಯಾಲ ಐತಿ" ಎಂದ. "ಯುಗಾದಿಗೆ ಈಕಿ ಬರತಾಳ. ಆವಾಗ ಗಾಡಿ ತಗೊಂಬರ್ರಿ."