ಬೇಗೂರಿನ ನಾಗತ್ತರ

ಬೆಂಗಳೂರು ಅನ್ನೋ ಹೆಸರು ಎಷ್ಟು ಹಳೆಯದು ಎಂಬ ಮಾತು ಬಂದಾಗಲೆಲ್ಲ ಬೇಗೂರಿನ ಶಾಸನ ನೆನಪಾಗುತ್ತೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಿಂದ ಸ್ವಲ್ಪ ಒಳಗಿದೆ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದ ಕಲ್ಲು ಸುಮಾರು ಕ್ರಿ.ಶ. 890ರದ್ದು. ಕೆಂಪೇಗೌಡರು ಪೇಟೆ ಕಟ್ಟಿದ್ದಕ್ಕಿಂತ ಆರುನೂರು ವರ್ಷ ಹಿಂದಿನದು.

ಆ ಕಲ್ಲನ್ನು ನೆಟ್ಟವರಿಗೆ ಊರಿನ ಹೆಸರು ಮುಖ್ಯ ಆಗಿರಲಿಲ್ಲ. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣಶೆಟ್ಟಿ ಸತ್ತ ಅಂತ ಹೇಳಬೇಕಿತ್ತು, ಅಷ್ಟೆ. ನಾನು ಜಿಲ್ಲೆಯ ಸುದ್ದಿ ಬರೆಯುವವನು. ಸತ್ತವನು ಯಾರು, ಯಾರ ಕಡೆಯವನು, ಎಲ್ಲಿ ಸತ್ತ ಅಂತ ನಾವೂ ಬರೆಯೋದು ಹೀಗೇ. ಇಷ್ಟು ದೊಡ್ಡ ಊರಿನ ಹೆಸರು ಉಳಿದಿರೋದು ಒಂದು ಸಾವಿನ ಸುದ್ದಿಯಲ್ಲಿ.

ಸರಿ, ಈ ನಾಗತ್ತರ ಯಾರು? ಗಂಗರ ಕಾಲದಲ್ಲಿ ಈ ಸೀಮೆ ನೋಡಿಕೊಳ್ಳುತ್ತಿದ್ದ ದಂಡಿನ ಮನುಷ್ಯ. ಅವನ ಸಾವಿನ ಕಥೆ ಬೇಗೂರಿನ ಇನ್ನೊಂದು ಕಲ್ಲಿನಲ್ಲಿದೆ. ನೊಳಂಬರ ಅಯ್ಯಪದೇವನಿಗೂ ವೀರಮಹೇಂದ್ರನಿಗೂ ಯುದ್ಧ ಬಿತ್ತು. ಅಯ್ಯಪದೇವನ ಸಹಾಯಕ್ಕೆ ಗಂಗರ ಎರೆಯಪ್ಪ ದಂಡು ಕೊಟ್ಟು ನಾಗತ್ತರನನ್ನು ಕಳಿಸಿದ. ಜಗಳ ಯಾರದೋ, ಹೋದವನು ಇವನು. ತುಂಬೆಪಾಡಿಯಲ್ಲಿ ಕಾದಾಡಿ ಸತ್ತ.

ಮುಂದಿನದ್ದನ್ನು ಓದಿದಾಗ ನನಗೆ ಒಂಥರಾ ಆಯಿತು. ಸುದ್ದಿ ತಿಳಿದ ಎರೆಯಪ್ಪ, ಇರುಗ ಎಂಬುವನಿಗೆ ‘ನಾಗತ್ತರ’ ಪಟ್ಟ ಕಟ್ಟಿದ. ಬೆಂಪೂರು, ಅಂದರೆ ಇವತ್ತಿನ ಬೇಗೂರು ಸೇರಿ ಹನ್ನೆರಡು ಹಳ್ಳಿ ಕೊಟ್ಟ. ಪಟ್ಟಿಯಲ್ಲಿ ಇಗ್ಗಲೂರು ಅನ್ನೋ ಹೆಸರೂ ಇದೆ. ಚಂದಾಪುರದ ಹತ್ತಿರ ಇವತ್ತೂ ಒಂದು ಇಗ್ಗಲೂರಿದೆ. ಸತ್ತವನ ಹೆಸರೇ ಕೆಲಸದ ಹೆಸರಾಗಿ ಇನ್ನೊಬ್ಬನಿಗೆ ಹೋಯಿತು. ಕಂಪನಿ ಗೇಟಿನಲ್ಲಿ ಗಾರ್ಡ್ ಬದಲಾದರೂ ಯೂನಿಫಾರ್ಮ್ ಅದೇ ಇರುತ್ತಲ್ಲ, ಹಾಗೆ. ರಾಜನ ಲೆಕ್ಕದಲ್ಲಿ ಅದು ಗೌರವವೇ ಇರಬಹುದು. ಮನೆಯವರಿಗೆ ಹೇಗನಿಸಿತೋ, ಅದನ್ನು ಕಲ್ಲು ಬರೆದಿಲ್ಲ.

ಈ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿಗೆ ಹೋದಾಗ ಒಳಗೆ ಹೋಗಿ ನೋಡಿ. ಕಲ್ಲಿನ ತುಂಬ ಯುದ್ಧ: ಆನೆ, ಕುದುರೆ, ಆಯುಧ ಹಿಡಿದ ಕಾಲಾಳುಗಳು, ಕೆಳಗೆ ಬಿದ್ದವರು. ಬಿದ್ದವರ ಹೆಸರು ಯಾವುದೂ ಇಲ್ಲ.

ನಾಗತ್ತರನ ಕಲ್ಲು ಮ್ಯೂಸಿಯಂ ಸೇರಿ ಉಳಿಯಿತು. ಎಲ್ಲ ಕಲ್ಲಿಗೂ ಆ ಭಾಗ್ಯ ಇಲ್ಲ. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯ ಎಂಬ ವೀರನ ಕಲ್ಲು ಮತ್ತೆ ಕಣ್ಣಿಗೆ ಬಿದ್ದದ್ದು 2018ರಲ್ಲಿ, ಚರಂಡಿಗೆ ಅಗೆಯುವಾಗ. ಪುಣ್ಯಕ್ಕೆ ಗುರುತಿಸುವವರಿದ್ದರು, ಈಗ ಅದಕ್ಕೊಂದು ಮಂಟಪ ಇದೆ. ಆನೇಕಲ್, ವರ್ತೂರು, ಸರ್ಜಾಪುರದ ಕಡೆ ದಿನಾ ಜೆಸಿಬಿ ಓಡಾಡುತ್ತಿವೆ. ನಿಮ್ಮೂರ ಕೆರೆ ಏರಿಯಲ್ಲೋ, ಹೊಲದ ಬದುವಿನಲ್ಲೋ ಕತ್ತಿ ಹಿಡಿದವನ ಕಲ್ಲಿದ್ದರೆ ಮೊದಲು ಒಂದು ಫೋಟೊ ತೆಗೆಯಿರಿ, ಪಂಚಾಯ್ತಿಗೆ ಹೇಳಿ. ನನಗೂ ತಿಳಿಸಿ, ಬಂದು ನೋಡುತ್ತೇನೆ.