ಕೋಲ್ಕತ್ತದಲ್ಲಿ ಎರಡು ಕಾಲು, ಎರಡು ಗಾಲಿ

ಹೊಸ ಊರನ್ನು ಅರಿಯಬೇಕಾದರೆ ನಡೆಯಬೇಕು. ಇಲ್ಲವೆ ಸೈಕಲ್ ತುಳಿಯಬೇಕು. ಮೋಟಾರಿನ ಕಿಟಕಿಯಿಂದ ಅಂಗಡಿಯ ಬೋರ್ಡು ಕಂಡೀತು, ಅಂಗಡಿಯವನ ಮುಖ ಕಾಣದು. ಹೀಗೆಂದು ನಂಬಿ ಕೋಲ್ಕತ್ತದಲ್ಲಿ ಬಂದಿಳಿದ ಕನ್ನಡಿಗನಿಗೆ ಮೊದಲ ದಿನವೇನೋ ಸಂತೋಷದಿಂದಲೇ ಕಳೆಯುತ್ತದೆ. 1943ರಲ್ಲಿ ಸಂಚಾರಕ್ಕೆ ತೆರೆದ ಹೌರಾ ಸೇತುವೆಯ ಎರಡು ಮಗ್ಗುಲಿಗೂ 15 ಅಡಿ ಅಗಲದ ಕಾಲುಹಾದಿಯುಂಟು. ಬುಟ್ಟಿ ಹೊತ್ತ ಕೂಲಿಗಳ ಓಟಕ್ಕೆ ಸಿಕ್ಕದಂತೆ ಕಂಬಿಗೆ ಒರಗಿ ನಿಂತರೆ ಕೆಳಗೆ ಹೂಗ್ಲಿ ನದಿ. ದಡದಲ್ಲಿ ಮಲ್ಲಿಕ್ ಘಾಟಿನ ಹೂವಿನ ಸಂತೆ, ಚೆಂಡುಹೂವಿನ ರಾಶಿ ರಾಶಿ.

ಕಷ್ಟ ಆರಂಭವಾಗುವುದು ಮರುದಿನ, ಪರಿಚಯದವರಿಂದ ಸೈಕಲೊಂದನ್ನು ಕಡ ತಂದಾಗ. 2013ರಲ್ಲಿ ಆ ನಗರದ 174 ರಸ್ತೆಗಳಲ್ಲಿ ಸೈಕಲ್ ನಿಷಿದ್ಧವಾಯಿತು. ವಾಹನಗಳ ವೇಗಕ್ಕೆ ಅದು ಅಡ್ಡಿ ಎಂಬುದು ಕಾರಣ. ಬಳಿಕ ಸಂಖ್ಯೆ 62ಕ್ಕೆ ಇಳಿಯಿತಾದರೂ, ಯಾವ ರಸ್ತೆ ಪಟ್ಟಿಯಲ್ಲುಂಟು, ಯಾವುದಿಲ್ಲ ಎಂಬುದು ಹೊಸಬನಿಗೆ ತಿಳಿಯುವುದು ಪೊಲೀಸಿನವನ ಕೈ ಮೇಲೆದ್ದಾಗಲೇ. ತಳ್ಳಿಕೊಂಡು ಹೋಗುವಂತೆ ಅಪ್ಪಣೆಯಾಗುತ್ತದೆ. ಎಲ್ಲಿ ತಳ್ಳುವುದು? ಗಡಿಯಾಹಾಟಿನ ಕಾಲುಹಾದಿಯ ತುಂಬ ಸೀರೆ, ಚಪ್ಪಲಿ, ಪಾತ್ರೆಗಳ ಹರವು. ವ್ಯಾಪಾರಿಯನ್ನು ಬೈಯುವಂತಿಲ್ಲ, ಅವನ ಹೊಟ್ಟೆಯ ಪಾಡೂ ಆ ಅಂಗೈಯಗಲ ಜಾಗದಲ್ಲೇ. ಕೆಳಗಿಳಿದರೆ ಬಸ್ಸು ಮೈಮೇಲೆ ಬರುತ್ತದೆ. 1992ರಲ್ಲಿ ತೆರೆದ ವಿದ್ಯಾಸಾಗರ ಸೇತುವೆಯಂತೂ ಸೈಕಲಿಗಾಗಲಿ ಪಾದಚಾರಿಗಾಗಲಿ ಅಲ್ಲ.

ಪ್ರವಾಸಿಗೆ ಇದು ಎರಡು ದಿನದ ತೊಡಕು. ಬೇಸರವಾದರೆ ಟ್ಯಾಕ್ಸಿ ಹತ್ತಿಯಾನು. ಆದರೆ ಹಾಲಿನ ಕ್ಯಾನುಗಳನ್ನು ಕ್ಯಾರಿಯರಿಗೆ ತೂಗುಹಾಕಿ ನಸುಕಿನಲ್ಲೇ ಹೊರಡುವವನ ಗತಿಯೇನು? ಮನೆಮನೆಗೆ ಪತ್ರಿಕೆ ಎಸೆಯುವ ಹುಡುಗನದು? ದಂಡ ತೆತ್ತರೆ ಅಂದಿನ ಸಂಪಾದನೆಯಲ್ಲಿ ಒಂದು ಪಾಲು ಹೋಯಿತು. ಗಲ್ಲಿಗಲ್ಲಿ ಸುತ್ತಿ ಹೋದರೆ ಹೊತ್ತು ಹೋಯಿತು, ಹಾಲೂ ಕೆಟ್ಟೀತು. ವಿಚಿತ್ರವೆಂದರೆ, ಅದೇ ರಾಜ್ಯದ ಸರ್ಕಾರ 2015ರಿಂದ 'ಸಬುಜ್ ಸಾಥಿ' ಎಂಬ ಯೋಜನೆಯಲ್ಲಿ ಶಾಲಾಮಕ್ಕಳಿಗೆ ಸೈಕಲ್ ಹಂಚತೊಡಗಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ತಡೆಯುವುದನ್ನು ಕಂಡು ಆ ಮಕ್ಕಳು ಏನೆಂದುಕೊಳ್ಳಬೇಕೋ!

2020ರಲ್ಲಿ ಮಹಾಮಾರಿಯ ನಡುವೆ ಬಸ್ಸು ರೈಲುಗಳು ಅಪರೂಪವಾದಾಗ ನಗರಕ್ಕೆ ಸೈಕಲಿನ ನೆನಪಾಯಿತು. ಚಿಕ್ಕ ರಸ್ತೆಗಳಲ್ಲಿ ಬಿಗಿ ಸಡಿಲಿತು. ಕಚೇರಿಯ ಗುಮಾಸ್ತರೂ ಪೆಡಲು ತುಳಿದರು. ದೊಡ್ಡ ರಸ್ತೆ ಎದುರಾದೆಡೆ ಮಾತ್ರ ಹಾಲಿನವನೂ ಗುಮಾಸ್ತನೂ ಒಟ್ಟಿಗೆ ಕೆಳಗಿಳಿದು, ಸೈಕಲ್ ತಳ್ಳುತ್ತ, ಮೋಟಾರುಗಳ ಸಾಲಿನಲ್ಲಿ ಸಂದು ಹುಡುಕಬೇಕಾಯಿತು.